‘ಪೊರೆ ಬಲಿಯಲಿ’ ಅನ್ನುವ ಸಲಹೆ ಎಲ್ಲಿಂದ ಬಂತು?

ಮನೆಯ ಹಿರಿಯರಿಗೆ ಕಣ್ಣಿನ ಪೊರೆ ಶುರುವಾಗಿದೆ ಅಂತ ಗೊತ್ತಾದರೆ ಸಾಕು, ಅಕ್ಕಪಕ್ಕದವರಿಂದ ಒಂದು ಸಲಹೆ ಬರುತ್ತದೆ: ‘ಇನ್ನೂ ಬಲಿತಿಲ್ಲ ಅಲ್ವಾ, ಪೂರ್ತಿ ಬಲಿಯಲಿ ಬಿಡಿ.’ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದ ಆಪರೇಷನ್‌ಗೆ ಅದು ಸರಿಯಾದ ಸಲಹೆಯೇ ಆಗಿತ್ತು. ಆಪರೇಷನ್ ಬದಲಾಯಿತು, ಸಲಹೆ ಹಾಗೇ ಉಳಿಯಿತು.

ಪೊರೆ ಅಂದರೆ ಕಣ್ಣಿನೊಳಗಿನ ಲೆನ್ಸ್ ಮಬ್ಬಾಗುವುದು. ಸುಶ್ರುತ ಸಂಹಿತೆಯ ಕಾಲದಲ್ಲಿ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ, ಚೂಪಾದ ಸಲಾಕೆಯಿಂದ ನೋಟದ ದಾರಿಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಕಣ್ಣನ್ನು ಕೊಯ್ದು ಪೊರೆಯನ್ನೇ ಹೊರಗೆ ತೆಗೆದರು. ಆ ವಿಧಾನದಲ್ಲಿ ಎಳೆ ಪೊರೆ ಪೂರ್ತಿ ಬರುತ್ತಿರಲಿಲ್ಲ. ಒಳಗೆ ಉಳಿದ ಚೂರುಗಳಿಂದ ಕಣ್ಣು ಊದಿಕೊಳ್ಳುತ್ತಿತ್ತು. ಬಲಿತ ಪೊರೆ ಸಲೀಸಾಗಿ ಹೊರಬರುತ್ತಿತ್ತು. ಕಾಯಬೇಕು ಅನ್ನುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಕನ್ನಡಕ. ಇಪ್ಪತ್ತನೇ ಶತಮಾನದಲ್ಲಿ ಲೆನ್ಸನ್ನು ಅದರ ಚೀಲದ ಸಮೇತ ತೆಗೆಯುವ ವಿಧಾನ ನಮ್ಮ ದೇಶದಲ್ಲೆಲ್ಲ ಹರಡಿತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1940ರ ದಶಕದಿಂದಲೇ ಊರೂರಿಗೆ ಹೋಗಿ ಉಚಿತ ಕಣ್ಣಿನ ಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ. ಆಸ್ಪತ್ರೆಯನ್ನೇ ಕಾಣದ ಬಡವರ ಮನೆ ಬಾಗಿಲಿಗೆ ಚಿಕಿತ್ಸೆ ತಂದ ಆ ಶ್ರಮ ದೊಡ್ಡದು, ಅದನ್ನು ಗೌರವದಿಂದಲೇ ನೆನೆಯಬೇಕು. ಆದರೆ ಲೆನ್ಸ್ ತೆಗೆದ ಜಾಗದಲ್ಲಿ ಇಡಲು ಆಗ ಏನೂ ಇರಲಿಲ್ಲ. ಸೋಡಾಬುಡ್ಡಿ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ಕಾಲು ಪಾಲಿಗಿಂತ ಜಾಸ್ತಿ ದೊಡ್ಡದಾಗಿ ಕಾಣುತ್ತಿತ್ತು. ಮೆಟ್ಟಿಲು ಎಲ್ಲಿದೆ, ಲೋಟ ಎಷ್ಟು ದೂರ ಅನ್ನುವುದೇ ತಿಳಿಯುತ್ತಿರಲಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಕಷ್ಟ ಇನ್ನೂ ಹೆಚ್ಚು. ಎರಡೂ ಕಣ್ಣಿನ ನೋಟ ಕೂಡದೆ ಒಂದು ಎರಡಾಗಿ ಕಾಣುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಕತ್ತಲು. ಇಂಥ ಆಪರೇಷನ್ನನ್ನು, ಕಣ್ಣು ಪೂರ್ತಿ ಹೋಗುವ ತನಕ ಯಾರು ತಾನೇ ಮಾಡಿಸಿಕೊಳ್ಳುತ್ತಾರೆ?

ಇದಕ್ಕೆ ಉತ್ತರ ಲಂಡನ್ನಿನಲ್ಲಿ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣಿನಲ್ಲಿ ವಿಮಾನದ ಕಿಟಕಿಯ ಅಕ್ರಿಲಿಕ್ ಚೂರುಗಳು ಉಳಿದಿದ್ದವು. ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಡಾ. ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ವಸ್ತುವಿನ ಲೆನ್ಸನ್ನು 1949ರ ನವೆಂಬರ್ 29ರಂದು ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟರು. ದೊಡ್ಡ ದೊಡ್ಡ ಡಾಕ್ಟರುಗಳೇ ಇದನ್ನು ವಿರೋಧಿಸಿದರು. ಒಪ್ಪಿಗೆ ಸಿಗಲು ದಶಕಗಳೇ ಬೇಕಾದವು.

ನಮ್ಮಲ್ಲಿ ಬೆಲೆಯೇ ದೊಡ್ಡ ಅಡ್ಡಿಯಾಗಿತ್ತು. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಶುರುಮಾಡಿ ಲೆನ್ಸನ್ನು ಇಲ್ಲೇ ತಯಾರಿಸಿದರು. ಆಮದಾಗುತ್ತಿದ್ದ ಲೆನ್ಸಿನ ಬೆಲೆಯ ಒಂದು ಸಣ್ಣ ಪಾಲಿಗೆ ಅದು ಸಿಗತೊಡಗಿತು. ಅದೇ ಮದುರೈಯಲ್ಲಿ ಸುಮಾರು 3,400 ರೋಗಿಗಳ ಮೇಲೆ ಹಳೆಯ ಮತ್ತು ಹೊಸ ವಿಧಾನವನ್ನು ಹೋಲಿಸಿ ನೋಡಿದರು. 1998ರಲ್ಲಿ ಬಂದ ಫಲಿತಾಂಶದಲ್ಲಿ ಲೆನ್ಸ್ ಕೂರಿಸಿದವರ ನೋಟವೂ ದಿನನಿತ್ಯದ ಬದುಕೂ ಚೆನ್ನಾಗಿದ್ದವು.

ಈ ಮಧ್ಯೆ 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿ ಮಾಡಿ ಹೀರುವ ಫೇಕೋ ವಿಧಾನ ತಂದರು. ಈಗ ಅದಕ್ಕೆ 3 ಮಿಲಿಮೀಟರಿಗಿಂತ ಚಿಕ್ಕ ಗಾಯ ಸಾಕು. ಸಲಹೆ ತಲೆಕೆಳಗಾದದ್ದು ಇಲ್ಲೇ. ಬಲಿತು ಗಟ್ಟಿಯಾದ ಪೊರೆಯನ್ನು ಪುಡಿ ಮಾಡಲು ಜಾಸ್ತಿ ಶಕ್ತಿ ಬೇಕು. ಅದರಿಂದ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಪೆಟ್ಟಾಗಬಹುದು. ಮೊದಲು ಬಲಿಯದ ಪೊರೆ ತೊಂದರೆ ಕೊಡುತ್ತಿತ್ತು, ಈಗ ಬಲಿತದ್ದೇ ತೊಂದರೆ. ತೀರಾ ಬಲಿತ ಪೊರೆ ಊದಿಕೊಂಡು ಕಣ್ಣಿನ ಒತ್ತಡ ಏರಿಸುವುದೂ ಉಂಟು.

ಹಾಗಂತ ಈಗಾಗಲೇ ಬಲಿತಿದ್ದರೆ ಕೈಚೆಲ್ಲಬೇಕಿಲ್ಲ. ಯಂತ್ರವಿಲ್ಲದೆ, ಹೊಲಿಗೆಯೂ ಬೇಡದೆ ಸಣ್ಣ ಗಾಯದಲ್ಲಿ ಕೈಯಿಂದಲೇ ತೆಗೆಯುವ ವಿಧಾನವಿದೆ. ನೇಪಾಳದಲ್ಲಿ ತುಂಬಾ ಬಲಿತ ಪೊರೆಯಿದ್ದ 108 ರೋಗಿಗಳಲ್ಲಿ ಇದನ್ನು ಫೇಕೋ ಜೊತೆ ಹೋಲಿಸಿದರು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ 98% ಜನರಿಗೆ ಒಳ್ಳೆಯ ನೋಟ ಬಂದಿತ್ತು. ಕೈಯಿಂದ ಮಾಡಿದ್ದು ಬೇಗ ಮುಗಿಯಿತು, ಖರ್ಚೂ ಕಡಿಮೆ. ‘ಮೆಷಿನ್ ಇಲ್ಲದಿದ್ದರೆ ಕಳಪೆ’ ಅನ್ನುವವರಿಗೆ ಇದನ್ನು ಹೇಳಲೇಬೇಕು.

ಸೋಂಕಿನ ಹೆದರಿಕೆಯೂ ಜನರನ್ನು ತಡೆಯುತ್ತದೆ. ಅದು ಸುಳ್ಳು ಹೆದರಿಕೆಯಲ್ಲ, ಸೋಂಕಾದರೆ ಕಣ್ಣೇ ಹೋಗಬಹುದು. ಆದರೆ ಆಪರೇಷನ್ ಕೊನೆಯಲ್ಲಿ ಕಣ್ಣಿನೊಳಗೇ ಆಂಟಿಬಯೋಟಿಕ್ ಹಾಕುವುದರಿಂದ ಅಪಾಯ ಇಳಿದಿದೆ. ಅರವಿಂದ್ ಆಸ್ಪತ್ರೆಗಳ ಆರು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕದಲ್ಲಿ ಸೋಂಕು 0.07%ನಿಂದ 0.02%ಗೆ ಇಳಿದಿತ್ತು.

ಹಾಗಾದರೆ ಯಾವಾಗ ಮಾಡಿಸಬೇಕು? ಬಸ್ಸಿನ ಬೋರ್ಡ್ ಓದಲು, ಅಕ್ಕಿ ಆರಿಸಲು, ರಾತ್ರಿ ಎದುರಿನ ಬೆಳಕಿನಲ್ಲಿ ನಡೆಯಲು ಕಷ್ಟವಾಗುತ್ತಿದೆ, ಕನ್ನಡಕ ಬದಲಿಸಿದರೂ ಸರಿಹೋಗುತ್ತಿಲ್ಲ ಅಂದರೆ ಡಾಕ್ಟರ ಹತ್ತಿರ ಆಪರೇಷನ್ ಬಗ್ಗೆ ಮಾತಾಡುವ ಹೊತ್ತು ಬಂದಿದೆ ಅಂತಲೇ ಅರ್ಥ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಪೊರೆ ದಟ್ಟವಾದರೆ ಅದರ ಹಿಂದಿನ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಪದರ, ಡಾಕ್ಟರಿಗೂ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಲ್ಲಿ ಆಗುತ್ತಿರುವ ಹಾನಿ ಗೊತ್ತಾಗುವಷ್ಟರಲ್ಲಿ ತಡವಾಗಿರಬಹುದು.