ಹುಳುಕಡ್ಡಿಗೆ ತಗಚೆ ಬೀಜದ ಲೇಪ: ಅಧ್ಯಯನ ಟಿಪ್ಪಣಿ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ನೆನೆದ ಬಟ್ಟೆಯಲ್ಲೇ ದಿನವಿಡೀ ಭತ್ತ ನಾಟಿ ಮಾಡುವವರಿಗೆ ಸೊಂಟ, ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುವುದು ಸಾಮಾನ್ಯ. ಬಹುಪಾಲು ಇದಕ್ಕೆ ಕಾರಣ ಟ್ರೈಕೋಫೈಟಾನ್ ಶಿಲೀಂಧ್ರ. ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಉಂಗುರದಂತಹ ಮಚ್ಚೆಯ ನಡುಭಾಗ ತಿಳಿಯಾದರೂ ಅಂಚು ಕೆಂಪಾಗಿ, ಹೊಟ್ಟೆದ್ದು ಹೊರಕ್ಕೆ ಹರಡುತ್ತದೆ. ಶಿಲೀಂಧ್ರ ಚುರುಕಾಗಿರುವುದು ಆ ಅಂಚಿನಲ್ಲಿ. ಆದ್ದರಿಂದ ಲೇಪ ಅಂಚು ದಾಟಿ ಒಂದೆರಡು ಬೆರಳಗಲ ಹೊರಗೂ ಬೀಳಬೇಕು.

ಮಳೆ ಬಿದ್ದಮೇಲೆ ಬದುವಿನಲ್ಲಿ ಏಳುವ ತಗಚೆಯನ್ನು (ಚಕ್ರಮರ್ದ) ಎಲೆ ನೋಡಿ ಗುರುತಿಸಿ: ಒಂದು ದಂಟಿಗೆ ಮೂರು ಜೊತೆ ಎಲೆ, ತುದಿ ದುಂಡಗೆ, ಕತ್ತಲಾದರೆ ಮಡಚಿಕೊಳ್ಳುತ್ತವೆ. ಕಾಯಿ ಸಣಕಲು, ಉದ್ದ. ನಾಲ್ಕೈದು ಜೊತೆ ಚೂಪು ಎಲೆಯಿದ್ದರೆ ಅದು ಬೇರೆ ಗಿಡ. ಅದರ ಬೀಜ ಮಕ್ಕಳ ಹೊಟ್ಟೆಗೆ ಹೋದರೆ ವಿಷ.

ಎರಡು ಚಮಚ ತಗಚೆ ಬೀಜವನ್ನು ಮುಳುಗುವಷ್ಟು ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ. ಸಿಪ್ಪೆ ಗಟ್ಟಿ, ನೆನೆಯದಿದ್ದರೆ ಅರೆಯಲು ಬಾರದು. ಒರಳಿನಲ್ಲಿ ಬೆಣ್ಣೆಯಂತೆ ನುಣ್ಣಗೆ ಅರೆಯಿರಿ. ತರಿ ಉಳಿದರೆ ಚರ್ಮ ಗೀಚಿ ಕೀವಾಗುತ್ತದೆ. ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಉರಿ, ಗುಳ್ಳೆ ಇಲ್ಲದಿದ್ದರೆ ದಿನಕ್ಕೆರಡು ಬಾರಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆಗೆ, ಬಿರಿಯುವ ಮೊದಲೇ ತೊಳೆಯಿರಿ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒರೆಸಿ. ಸಂದಿಯಲ್ಲಿ ತೇವ ಉಳಿದರೆ ಎಷ್ಟು ಹಚ್ಚಿದರೂ ವ್ಯರ್ಥ. ಲೇಪ ದಿನವೂ ಹೊಸದಾಗಿ ಅರೆಯಬೇಕು, ಟವೆಲ್ ಬೇರೆಯಿರಬೇಕು.

ಬೀಜದಲ್ಲಿರುವ ಕ್ರೈಸೋಫನಾಲ್ ಮುಂತಾದ ರಾಸಾಯನಿಕಗಳು ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನು ತಡೆಯುತ್ತವೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ತಡೆದದ್ದು ಚರ್ಮದ ಮೇಲೆ ಗುಣಪಡಿಸಿದಂತಲ್ಲ. ಸಣ್ಣ, ಹೊಸ ಉಂಗುರಕ್ಕಷ್ಟೇ ಇದು ತಕ್ಕದ್ದು. ಎರಡು ವಾರದಲ್ಲಿ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಹರಡಿದರೆ, ವೈದ್ಯರಲ್ಲಿಗೆ ಹೋಗಲೇಬೇಕು. ತುರಿಕೆ ನಿಂತ ದಿನವೇ ಔಷಧ ಬಿಡುವುದು ಮರುಕಳಿಸಲು ದೊಡ್ಡ ಕಾರಣ. ಇನ್ನೊಂದು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆತ ಮುಲಾಮು. ತುರಿಕೆ ಅಡಗುತ್ತದೆ, ಉಂಗುರದ ಗುರುತು ಅಳಿಸುತ್ತದೆ, ರೋಗ ಒಳಗೊಳಗೇ ಹಬ್ಬುತ್ತದೆ. ಎಕ್ಕದ ಹಾಲು, ಕೇರುಬೀಜದ ಎಣ್ಣೆ, ಹಸಿ ಬೆಳ್ಳುಳ್ಳಿ ಇವು ಮೂರೂ ಚರ್ಮ ಸುಡುತ್ತವೆ. ಯಾರು ಹೇಳಿದರೂ ಹಚ್ಚಬೇಡಿ.

ತಲೆ, ಉಗುರಿನ ಸೋಂಕಿಗೆ ಸಾಮಾನ್ಯವಾಗಿ ಮಾತ್ರೆಯೇ ಬೇಕು. ಮುಟ್ಟಿದರೆ ತಿಳಿಯದ ಬಿಳಿಚು ಮಚ್ಚೆ ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಚಿಕಿತ್ಸೆ ಉಚಿತ. ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೋಗುವುದಿದ್ದರೆ ಕೆಲ ದಿನ ಮೊದಲೇ ಲೇಪ ನಿಲ್ಲಿಸಿ, ಹಚ್ಚಿದ್ದನ್ನು ವೈದ್ಯರಿಗೆ ಹೇಳಿ.