ಹರಾಜು ಗೆದ್ದವನ ಶಾಪ: ಬ್ರೌನ್ಸ್, ಮಾವಿನ ತೋಪು ಮತ್ತೆ 23 ಕೋಟಿ ಡಾಲರ್

ಕ್ಲೀವ್‌ಲ್ಯಾಂಡ್ ಡೌನ್‌ಟೌನಲ್ಲಿ ಒಂದು ಆಫೀಸಿನ ಕಿಟಕಿಯಲ್ಲಿ ತುಂಬಾ ವರ್ಷ ಒಂದು ಜರ್ಸಿ ಇಟ್ಟಿದ್ರು. ಅಮೆರಿಕನ್ ಫುಟ್‌ಬಾಲ್ ಲೀಗಿನ (ಎನ್‌ಎಫ್‌ಎಲ್) ಬ್ರೌನ್ಸ್ ಟೀಮ್‌ದು, ನಂಬರ್ 2, ಬೆನ್ನ ಮೇಲೆ ಕೌಚ್ ಅಂತ ಹೆಸರು. ಟಿಮ್ ಕೌಚ್ 1999ರ ಡ್ರಾಫ್ಟಿನ ಮೊಟ್ಟಮೊದಲ ಪಿಕ್. ಅವನಾದ್ಮೇಲೆ ಬಂದ ಕ್ವಾರ್ಟರ್‌ಬ್ಯಾಕ್ ಹೆಸರನ್ನ ಟೇಪ್ ಮೇಲೆ ಬರೆದು ಕೆಳಗೆ ಅಂಟಿಸಿದ್ರು, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಮತ್ತೊಬ್ಬ, ಅಂಟಿಸ್ತಾ ಅಂಟಿಸ್ತಾ ಬೆನ್ನೆಲ್ಲ ಹಳೇ ಅಪಾರ್ಟ್‌ಮೆಂಟಿನ ಲೆಟರ್‌ಬಾಕ್ಸ್ ತರ ಆಗೋಯ್ತು. 1999ರಿಂದ ಈವರೆಗೆ 40ಕ್ಕೂ ಹೆಚ್ಚು ಜನ ಆ ಟೀಮಿಗೆ ಕ್ವಾರ್ಟರ್‌ಬ್ಯಾಕ್ ಆಗಿ ಮ್ಯಾಚ್ ಶುರು ಮಾಡಿದ್ದಾರೆ.

(ಕ್ವಾರ್ಟರ್‌ಬ್ಯಾಕ್ ಅಂದ್ರೆ ಏನು, ಡ್ರಾಫ್ಟ್ ಅಂದ್ರೆ ಏನು ಅಂತೆಲ್ಲ ಬರೀತಾ ಕೂತ್ರೆ ಇಲ್ಲೇ ಸಂಜೆ ಆಗುತ್ತೆ. ಚೆಂಡು ಎಸೆಯೋನು, ಟೀಮಿನ ತಲೆ, ಅಷ್ಟು ಸಾಕು. ಕಾಲೇಜ್ ಹುಡುಗರನ್ನ 32 ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋದೇ ಡ್ರಾಫ್ಟ್, ಒಂದೊಂದು ಆಯ್ಕೆ ಒಂದು ಪಿಕ್, ಒಂದು ಸುತ್ತು ಒಂದು ರೌಂಡ್, ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ.)

ನಾನಿರೋದು ಓಹಾಯೋದಲ್ಲಿ, ಪಕ್ಕದ್ಮನೆ ಅಜ್ಜನಿಗೆ ಇದು ಶಾಪ ಅಂತ ಗಟ್ಟಿ ನಂಬಿಕೆ. ಕೇಳಿದ್ರೆ ಲಿಸ್ಟೇ ಕೊಡ್ತಾನೆ: 1987ರ ಜನವರಿಯಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ 98 ಗಜ ಓಡಿಸ್ಕೊಂಡು ಬಂದು ಸಮ ಮಾಡಿದ್ದು, ಮುಂದಿನ ವರ್ಷ ಗೋಲ್ ಲೈನ್ ಹತ್ರ ಬ್ರೌನ್ಸ್‌ನ ಬೈನರ್ ಕೈಯಿಂದ ಚೆಂಡು ಜಾರಿದ್ದು, 1995ರ ಸೀಸನ್ ಮುಗಿಸಿ ಮಾಲೀಕ ಆರ್ಟ್ ಮೊಡೆಲ್ ಇಡೀ ಟೀಮನ್ನೇ ಬಾಲ್ಟಿಮೋರಿಗೆ ಎತ್ಕೊಂಡು ಹೋಗಿದ್ದು, ಆ ಟೀಮು ಐದೇ ವರ್ಷಕ್ಕೆ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದಿದ್ದು. ಅದೇ ಹೆಸರಲ್ಲಿ 1999ರಲ್ಲಿ ಕ್ಲೀವ್‌ಲ್ಯಾಂಡಲ್ಲಿ ಮತ್ತೆ ಶುರುವಾದ ಬ್ರೌನ್ಸ್ ಇವತ್ತಿಗೂ ಒಂದೇ ಒಂದು ಸೂಪರ್ ಬೌಲ್ ಆಡಿಲ್ಲ. ಈ ಸಲ ಕಪ್ ನಮ್ದೇ ಅಂತ 18 ಸೀಸನ್ ಕಾದ ನಮಗೆ ಆ ನೋವನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ ಬಿಡಿ.

ಆದ್ರೂ ಶಾಪ ಅಂದ ತಕ್ಷಣ ನಂಗೆ ಮೈ ಉರಿಯುತ್ತೆ. ಶಾಪ ಅಂದ್ಬಿಟ್ರೆ ಮಾಲೀಕನ ಹತ್ರ ಲೆಕ್ಕ ಕೇಳೋ ಕೆಲಸನೇ ಇರಲ್ಲ ನೋಡಿ. ತಮಾಷೆ ಏನಪ್ಪಾ ಅಂದ್ರೆ ಇಲ್ಲೊಂದು ಶಾಪ ನಿಜವಾಗ್ಲೂ ಇದೆ, ಅದಕ್ಕೆ ಗಣಿತ ಇದೆ, ಮತ್ತೆ ಅದನ್ನ ಮೊದಲು ಹಿಡಿದವರು ತೈಲ ಕಂಪನಿ ಇಂಜಿನಿಯರುಗಳು.

1971ರಲ್ಲಿ ಅಟ್ಲಾಂಟಿಕ್ ರಿಚ್‌ಫೀಲ್ಡ್ ಕಂಪನಿಯ ಕೇಪನ್, ಕ್ಲಾಪ್, ಕ್ಯಾಂಪ್‌ಬೆಲ್ ಅನ್ನೋ ಮೂವರು ಒಂದು ಲೇಖನ ಬರೆದ್ರು. ಮೆಕ್ಸಿಕೋ ಕೊಲ್ಲಿಯಲ್ಲಿ ಸಮುದ್ರದಡಿಯ ತೈಲ ಬ್ಲಾಕುಗಳನ್ನ ಸರ್ಕಾರ ಹರಾಜು ಹಾಕ್ತಿತ್ತು, ಕಂಪನಿಗಳೆಲ್ಲ ಒಳ್ಳೊಳ್ಳೆ ಭೂವಿಜ್ಞಾನಿಗಳನ್ನ ಇಟ್ಕೊಂಡು ಅಂದಾಜು ಮಾಡಿ ಬಿಡ್ ಹಾಕ್ತಿದ್ವು, ಆದ್ರೂ ಗೆದ್ದ ಕಂಪನಿಗಳಿಗೆ ಅಂದ್ಕೊಂಡಷ್ಟು ಲಾಭ ಬರ್ತಾ ಇರಲಿಲ್ಲ. ಯಾಕೆ?

ನಮ್ ಸೋದರಮಾವ ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಫಸಲು ಗುತ್ತಿಗೆ ಹಿಡೀತಿದ್ರು, ಉತ್ತರ ಅಲ್ಲೇ ಇದೆ. ಹೂವು ಕಚ್ಚಿ ಮಿಡಿ ಆಗೋ ಹೊತ್ತಿಗೆ ವ್ಯಾಪಾರಿಗಳು ಬಂದು ತೋಪೊಳಗೆ ಅಡ್ಡಾಡ್ತಾರೆ, ಕತ್ತೆತ್ತಿ ಕೊಂಬೆ ನೋಡ್ತಾರೆ, ಎಷ್ಟು ಟನ್ ಬರಬಹುದು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾರೆ. ನಿಜವಾಗಿ ಬರೋದು 40 ಟನ್ ಅಂತಿಟ್ಕೊಳ್ಳಿ. ಐದು ಜನ ಬಂದಿದ್ದಾರೆ, ಅವರ ಅಂದಾಜು 31, 36, 40, 43, 50. ಸರಾಸರಿ ತೆಗೀರಿ, ಸರಿಯಾಗಿ 40. ಅಂದ್ರೆ ಒಟ್ಟಾರೆ ನೋಡಿದ್ರೆ ಯಾರಿಗೂ ಬುದ್ಧಿ ಕಮ್ಮಿ ಇಲ್ಲ. ಆದ್ರೆ ತೋಪು ಯಾರಿಗೆ ಹೋಗುತ್ತೆ? 50 ಅಂದವನಿಗೆ. 40 ಅಂತ ಸರಿಯಾಗಿ ಹೇಳಿದವನು ಸುಮ್ನೆ ಬೈಕ್ ಹತ್ತಿ ಮನೆಗೆ ಹೋಗ್ತಾನೆ. ಹರಾಜು ಅನ್ನೋದು ಐದು ಜನರಲ್ಲಿ ಅತಿ ಹೆಚ್ಚು ತಪ್ಪು ಮಾಡಿದ ಆಶಾವಾದಿಯನ್ನ ಹುಡುಕಿ ಅವನ ಕೈಗೆ ಮಾಲು ಕೊಡೋ ಯಂತ್ರ.

ಇದನ್ನ ಇನ್ನೂ ಸ್ವಲ್ಪ ಎಳೀತೀನಿ, ಕ್ಷಮಿಸಿ, ನಂಗೆ ತುಂಬಾ ಇಷ್ಟದ ಭಾಗ ಇದು. ಎಲ್ಲರ ಅಂದಾಜಿನಲ್ಲೂ ಆಚೆ ಈಚೆ 20 ಪರ್ಸೆಂಟ್ ತಪ್ಪಾಗೋದು ಮಾಮೂಲಿ ಅಂತಿಟ್ಕೊಂಡ್ರೆ (ಸ್ಟ್ಯಾಂಡರ್ಡ್ ಡೀವಿಯೇಷನ್ 20 ಅಂತ ಓದ್ಕೊಳ್ಳಿ), ಇಬ್ಬರೇ ಬಿಡ್ ಮಾಡಿದಾಗ ದೊಡ್ಡ ಅಂದಾಜು ನಿಜವಾದ ಬೆಲೆಗಿಂತ ಸರಾಸರಿ 11 ಪರ್ಸೆಂಟ್ ಮೇಲಿರುತ್ತೆ, ಐದು ಜನ ಆದ್ರೆ 23, ಹತ್ತು ಜನ ಆದ್ರೆ 31. 32 ಜನ ಬಂದ್ರೆ ಸುಮಾರು 41. ಮಾಲು ಅದೇ, ಜ್ಞಾನವೂ ಅಷ್ಟೇ, ಜನ ಜಾಸ್ತಿ ಆದಷ್ಟೂ ಗೆದ್ದವನ ತಪ್ಪು ಮಾತ್ರ ದೊಡ್ಡದಾಗ್ತಾ ಹೋಗುತ್ತೆ. ಬಿಡಿಎ ಕಾರ್ನರ್ ಸೈಟ್ ಹರಾಜೂ ಇದೇ, ಐಪಿಎಲ್ ಹರಾಜಲ್ಲಿ ಎರಡು ಟೀಮು ಜಿದ್ದಿಗೆ ಬಿದ್ದು ಪ್ಯಾಡಲ್ ಎತ್ತೋದೂ ಇದೇ, ಜಾತ್ರೆಯಲ್ಲಿ ಬಾಟಲಿಯೊಳಗೆ ಎಷ್ಟು ಬಟಾಣಿ ಇದೆ ಹೇಳಿ ಅಂತಾರಲ್ಲ, ಅಲ್ಲಿ ಅತಿ ದೊಡ್ಡ ನಂಬರ್ ಹೇಳಿದವನಿಗೆ ಬಾಟಲಿಯನ್ನ ಅದೇ ರೇಟಿಗೆ ಕಟ್ಟಿದ್ರೆ ಏನಾಗುತ್ತೋ ಅದೂ ಇದೇ. ನಮ್ ಮಾವ ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಆದ್ರೆ ತೋಪಿನ ಮುಂದೆ ನಿಂತಿರೋ ಬೈಕ್ ಎಣಿಸೋರು. ಬೈಕ್ ಜಾಸ್ತಿ ಇದ್ರೆ ತಮ್ಮ ರೇಟ್ ಇಳಿಸೋರು. ಎಲ್ಲರೂ ನಗೋರು, ಪೈಪೋಟಿ ಇದ್ದಾಗ ಏರಿಸ್ಬೇಕಲ್ವಾ ಅಂತ. ಗಣಿತದ ಪ್ರಕಾರ ಮಾವನೇ ಸರಿ.

ಈಗ 2022ರ ಮಾರ್ಚಿಗೆ ಬನ್ನಿ. ಹ್ಯೂಸ್ಟನ್ ಟೀಮಿನ ಡೆಶಾನ್ ವಾಟ್ಸನ್ ಟ್ರೇಡಿಗಿದ್ದಾನೆ, ಮುಂದೆ ನಾಲ್ಕು ಬೈಕ್ ನಿಂತಿವೆ: ಬ್ರೌನ್ಸ್, ಅಟ್ಲಾಂಟಾ, ನ್ಯೂ ಆರ್ಲಿಯನ್ಸ್, ಕ್ಯಾರೊಲೈನಾ. 2020ರಲ್ಲಿ 4,823 ಗಜ ಎಸೆದು ಲೀಗಿಗೇ ಮೊದಲಿಗ, 2021ರಲ್ಲಿ ಒಂದು ಮ್ಯಾಚೂ ಆಡಿಲ್ಲ, ಮೇಲೆ 20ಕ್ಕೂ ಹೆಚ್ಚು ಹೆಂಗಸರು ಮಸಾಜ್ ವೇಳೆ ಲೈಂಗಿಕ ದುರ್ವರ್ತನೆ ಮಾಡಿದ ಅಂತ ಸಿವಿಲ್ ಕೇಸ್ ಹಾಕಿದ್ದಾರೆ, ಅವನು ತಪ್ಪೇ ಮಾಡಿಲ್ಲ ಅಂತಾನೆ. ಬ್ರೌನ್ಸ್‌ಗೆ ಮೊದಲು ನೀವು ರೇಸಲ್ಲಿಲ್ಲ ಅಂತ ಹೇಳಿ ಕಳಿಸಿದ್ರು. ಆಮೇಲೆ ಮಾಲೀಕ ಜಿಮ್ಮಿ ಹ್ಯಾಸ್ಲಮ್ ಕಡೆಯವರು ವಾಪಸ್ ಬಂದು ಐದು ವರ್ಷಕ್ಕೆ 23 ಕೋಟಿ ಡಾಲರ್, ಪೈಸಾ ಪೈಸಾ ಗ್ಯಾರಂಟಿ ಅಂದ್ರು. ಈ ಲೀಗಲ್ಲಿ ಇಷ್ಟು ದೊಡ್ಡ ಕಾಂಟ್ರ್ಯಾಕ್ಟ್ ಪೂರ್ತಿ ಗ್ಯಾರಂಟಿ ಆಗೋದು ಅಲ್ಲೀವರೆಗೆ ಇರಲಿಲ್ಲ. ಆ ವರ್ಷ ಒಂದು ಇಡೀ ಟೀಮಿಗೆ, ಐವತ್ತು ಚಿಲ್ಲರೆ ಆಟಗಾರರಿಗೆಲ್ಲ ಸೇರಿ, ಇದ್ದ ಸ್ಯಾಲರಿ ಕ್ಯಾಪ್ 20.82 ಕೋಟಿ! ಜೊತೆಗೆ ಮೂರು ವರ್ಷದ ಮೊದಲ ರೌಂಡ್ ಪಿಕ್ಕುಗಳನ್ನೂ ಹ್ಯೂಸ್ಟನ್‌ಗೆ ಕೊಟ್ರು. ಮೊದಲ ವರ್ಷದ ಮೂಲ ಸಂಬಳ ಮಾತ್ರ 10 ಲಕ್ಷ ಡಾಲರ್ ಚಿಲ್ಲರೆ ಇಟ್ಟಿದ್ರು, ಅಂದ್ರೆ ಸಸ್ಪೆಂಡ್ ಆಗಿ ಸಂಬಳ ಕಟ್ ಆದ್ರೂ ಅವನಿಗೆ ಜಾಸ್ತಿ ತಾಗಬಾರದು. ಇದು ನಂಗೆ ಲೆಕ್ಕದ ತಪ್ಪಿಗಿಂತ ಕೆಟ್ಟದಾಗಿ ಕಾಣುತ್ತೆ, ಮುಂದೆ ಏನು ಬರುತ್ತೆ ಅಂತ ಗೊತ್ತಿದ್ದೇ ಬರೆದ ಕಾಂಟ್ರ್ಯಾಕ್ಟ್ ಅದು. ಲೀಗ್ 11 ಮ್ಯಾಚ್ ಸಸ್ಪೆಂಡ್ ಮಾಡಿ 50 ಲಕ್ಷ ಡಾಲರ್ ದಂಡ ಹಾಕ್ತು. ಮೂರು ಸೀಸನ್ನಲ್ಲಿ ಅವನು ಆಡಿದ್ದು 19 ಮ್ಯಾಚ್, 2024ರ ಅಕ್ಟೋಬರಲ್ಲಿ ಕಾಲಿನ ಅಕಿಲೀಸ್ ಹರಿದುಕೊಂಡ. 2025ರ ಮಾರ್ಚಲ್ಲಿ ಹ್ಯಾಸ್ಲಮ್ ಅವರೇ ಇದು ಗುರಿ ತಪ್ಪಿದ ದೊಡ್ಡ ಏಟು ಅಂತ ಬಾಯ್ಬಿಟ್ಟು ಒಪ್ಕೊಂಡ್ರು.

ಇಲ್ಲೊಂದು ಹೊಟ್ಟೆ ಉರಿಯೋ ವಿಷಯ ಹೇಳ್ಲೇಬೇಕು. 2017ರ ಡ್ರಾಫ್ಟಲ್ಲಿ 12ನೇ ಪಿಕ್ ಇದ್ದಿದ್ದು ಬ್ರೌನ್ಸ್ ಹತ್ರನೇ. ಅದನ್ನ ಹ್ಯೂಸ್ಟನ್‌ಗೆ ಮಾರಿದ್ರು, ಹ್ಯೂಸ್ಟನ್ ಅದರಲ್ಲಿ ಆರಿಸ್ಕೊಂಡಿದ್ದು ಇದೇ ವಾಟ್ಸನ್‌ನ. ತಾವೇ ಬಿಟ್ಟುಕೊಟ್ಟ ಮಾಲನ್ನ ಐದು ವರ್ಷ ಬಿಟ್ಟು ಮೂರು ಮೊದಲ ರೌಂಡ್ ಪಿಕ್ ಕೊಟ್ಟು ವಾಪಸ್ ತಂದ್ರು.

ಡ್ರಾಫ್ಟ್ ಹರಾಜಲ್ಲವಲ್ಲ, ಸರದಿ ಅಲ್ವಾ ಅಂತ ಕೇಳ್ತೀರ. ಸರದಿನೇ, ಆದ್ರೆ ಸರದಿ ಮಾರಾಟಕ್ಕಿದೆ. 1991ರಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಮೈಕ್ ಮೆಕಾಯ್ ಅನ್ನೋರು ಯಾವ ಪಿಕ್ಕಿಗೆ ಎಷ್ಟು ಪಾಯಿಂಟ್ ಅಂತ ಒಂದು ಚಾರ್ಟ್ ಮಾಡಿದ್ರು, ಆಮೇಲೆ ಹೆಚ್ಚುಕಮ್ಮಿ ಎಲ್ಲಾ ಟೀಮೂ ಅದನ್ನೇ ಪಂಚಾಂಗ ತರ ಹಿಡ್ಕೊಂಡ್ವು. ಕೇಡ್ ಮ್ಯಾಸಿ ಮತ್ತೆ ರಿಚರ್ಡ್ ಥೇಲರ್ (2017ರ ಅರ್ಥಶಾಸ್ತ್ರ ನೊಬೆಲ್ ಬಂತಲ್ಲ, ಅದೇ ಥೇಲರ್) ವರ್ಷಗಟ್ಟಲೆ ಡ್ರಾಫ್ಟ್ ಡೇಟಾ ಕೂತು ನೋಡಿದ್ರು. ಒಂದೇ ಜಾಗಕ್ಕೆ ಆಡೋ ಇಬ್ಬರು, ಒಬ್ಬನನ್ನ ಮೊದಲು ಆರಿಸಿದ್ದಾರೆ, ಅದೇ ಜಾಗಕ್ಕೆ ಆಮೇಲೆ ಬಂದವನು ಇನ್ನೊಬ್ಬ. ಮೊದಲನೆಯವನು ಮುಂದೆ ಹೆಚ್ಚು ಚೆನ್ನಾಗಿ ಆಡೋ ಸಾಧ್ಯತೆ ಎಷ್ಟು? ಸುಮಾರು 52 ಪರ್ಸೆಂಟ್. ನಾಣ್ಯ ಚಿಮ್ಮಿದ್ರೆ 50. ಇಷ್ಟೊಂದು ಸ್ಕೌಟುಗಳು, ವಿಡಿಯೋ, ಇಂಟರ್‌ವ್ಯೂ, ಎಲ್ಲ ಸೇರಿ ನಾಣ್ಯಕ್ಕಿಂತ ಎರಡು ಪಾಯಿಂಟ್ ಮೇಲೆ. ಆ ಎರಡು ಪಾಯಿಂಟಿಗೋಸ್ಕರ ನಾಲ್ಕೈದು ಪಿಕ್ ಕೊಟ್ಟು ಮೇಲೆ ಹತ್ತೋರು ಇದ್ದಾರೆ, ಮೊದಲ ಸರದಿ ಸಿಗೋದು ಸೋತ ಟೀಮಿಗೆ, ಅದು ಅಂದ್ಕೊಂಡಷ್ಟು ಬೆಲೆ ಬಾಳಲ್ಲ, ಅದಕ್ಕೇ ಅವರಿಬ್ಬರು ಇದನ್ನ ಸೋತವನ ಶಾಪ ಅಂದ್ರು.

2018ರ ಮೊದಲ ರೌಂಡ್ ನೋಡಿ. 1ನೇ ಪಿಕ್ ಬೇಕರ್ ಮೇಫೀಲ್ಡ್, 3 ಸ್ಯಾಮ್ ಡಾರ್ನಾಲ್ಡ್, 7 ಜಾಶ್ ಆಲೆನ್, 10 ಜಾಶ್ ರೋಸನ್, 32 ಲಮಾರ್ ಜ್ಯಾಕ್ಸನ್. ರೋಸನ್‌ನ ಒಂದೇ ವರ್ಷಕ್ಕೆ ಸಾಗಹಾಕಿದ್ರು, ಐವರಲ್ಲಿ ಕೊನೇಗೆ ಹೋದ ಜ್ಯಾಕ್ಸನ್ ಎರಡು ಸಲ ಎಂವಿಪಿ, ಅಂದ್ರೆ ಲೀಗಿನ ಆ ವರ್ಷದ ಅತ್ಯುತ್ತಮ ಆಟಗಾರ. ಟಾಮ್ ಬ್ರೇಡಿ 199ನೇ ಪಿಕ್, ಬ್ರಾಕ್ ಪರ್ಡಿ 262, ಅಂದ್ರೆ ಆ ವರ್ಷದ ಕಟ್ಟಕಡೆಯವನು. ಆದ್ರೂ ಪ್ರತಿ ವರ್ಷ ಹುಡುಗರ ಅಂಗೈ ಅಳೀತಾರೆ ಗೊತ್ತಾ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ, ಇಂಚಿನ ಎಂಟನೇ ಒಂದು ಭಾಗದ ತನಕ. 2020ರಲ್ಲಿ ಜೋ ಬರೋ ಕೈ ಬರೀ 9 ಇಂಚು ಅಂತ ಟಿವಿಯಲ್ಲಿ ಚರ್ಚೆನೋ ಚರ್ಚೆ, ಎರಡನೇ ಸೀಸನ್ನಿಗೇ ಅವನು ಟೀಮನ್ನ ಸೂಪರ್ ಬೌಲಿಗೆ ಕರ್ಕೊಂಡು ಹೋದ. ನಮ್ಮೂರಲ್ಲಿ ಹಸ್ತರೇಖೆ ನೋಡೋರು ಅಷ್ಟೊಂದು ಟೇಪ್ ಹಿಡಿಯಲ್ಲ, ಅಷ್ಟೇ ವ್ಯತ್ಯಾಸ.

ಹಾಗಂತ ಅಳೆಯೋದೇ ತಪ್ಪು ಅಂತಲ್ಲ, ಏನನ್ನ ಅಳೀತೀವಿ ಅನ್ನೋದು ಮುಖ್ಯ. ಇದಕ್ಕೆ ದಾರಿ ತೋರಿಸಿದವನು ಸ್ವತಃ ಒಬ್ಬ ಕ್ವಾರ್ಟರ್‌ಬ್ಯಾಕ್, ಸಿನ್ಸಿನಾಟಿಗೆ ಆಡ್ತಿದ್ದ ವರ್ಜಿಲ್ ಕಾರ್ಟರ್. ಆಡ್ತಾ ಆಡ್ತಾನೇ ಎಂಬಿಎ ಓದ್ತಿದ್ದ, ರಾಬರ್ಟ್ ಮ್ಯಾಕಾಲ್ ಅನ್ನೋ ಪ್ರೊಫೆಸರ್ ಜೊತೆ ಸೇರಿ ಒಂದು ಲೇಖನ ಬರೆದ, ಅದು ಬಂದಿದ್ದೂ 1971ರಲ್ಲೇ, ತೈಲದವರು ಬರೆದ ವರ್ಷನೇ. ಸಾವಿರಾರು ಪ್ಲೇಗಳ (ಮ್ಯಾಚಲ್ಲಿ ಚೆಂಡು ಒಂದ್ಸಲ ಹೊರಟು ನಿಲ್ಲೋ ತನಕದ ತುಣುಕು) ಲೆಕ್ಕ ತೆಗೆದು ಮೈದಾನದ ಯಾವ ಜಾಗದಲ್ಲಿ ಚೆಂಡು ಸಿಕ್ಕಿದ್ರೆ ಸರಾಸರಿ ಎಷ್ಟು ಪಾಯಿಂಟಿಗೆ ಸಮ ಅಂತ ಕಂಡುಹಿಡಿದ್ರು. ಎದುರಾಳಿ ಗೋಲ್ ಹತ್ರ ಅದು 6ರ ಆಸುಪಾಸು, ನಮ್ಮ ಗೋಲ್ ಹತ್ರ ಮೈನಸ್. ಅಂದ್ರೆ ಚೆಂಡು ನಮ್ಮ ಕೈಯಲ್ಲೇ ಇದ್ರೂ ನಷ್ಟದಲ್ಲಿದೀವಿ! ಈಗ ಎಲ್ಲರೂ ಇಪಿಎ ಅಂತ ಬಾಯ್ತುಂಬ ಹೇಳೋದು ಅದರ ಮೊಮ್ಮಗು: ಪ್ರತಿ ಪ್ಲೇ ಮುಂಚೆ ಎಷ್ಟಿತ್ತು, ಆದ್ಮೇಲೆ ಎಷ್ಟಾಯ್ತು, ಆ ವ್ಯತ್ಯಾಸ.

ಅಷ್ಟಾದ್ರೂ ಒಂದು ಸೀಸನ್ 17 ಮ್ಯಾಚ್, ಸ್ಯಾಂಪಲ್ ಚಿಕ್ಕದು, ಅದೃಷ್ಟದ ಪಾಲು ದೊಡ್ಡದು. 1886ರಲ್ಲಿ ಇಂಗ್ಲಿಷ್ ವಿಜ್ಞಾನಿ ಗಾಲ್ಟನ್ ಬೆಳೆದು ದೊಡ್ಡವರಾದ 928 ಮಕ್ಕಳ ಎತ್ತರದ ಲೆಕ್ಕ ನೋಡಿ ಹೇಳಿದ್ದು ಇದೇ, ಅತಿ ಎತ್ತರದ ಅಪ್ಪ ಅಮ್ಮನ ಮಕ್ಕಳು ಸರಾಸರಿ ಕಡೆಗೆ ಜಾರ್ತಾರೆ, ಅತಿ ಕುಳ್ಳರ ಮಕ್ಕಳು ಸರಾಸರಿ ಕಡೆಗೆ ಏರ್ತಾರೆ. ಮೇಫೀಲ್ಡ್ 2020ರ ಸೀಸನ್ನಲ್ಲಿ ಬ್ರೌನ್ಸ್‌ಗೆ 1994ರ ಸೀಸನ್ ಆದ್ಮೇಲೆ ಮೊದಲ ಪ್ಲೇಆಫ್ ಗೆಲುವು ತಂದ, ಅದೂ ಪಿಟ್ಸ್‌ಬರ್ಗ್ ಮೇಲೆ, 48-37. ಮುಂದಿನ ವರ್ಷ ಎಡ ಭುಜ ಹರಿದುಕೊಂಡೇ ಆಡಿದ, ಆಟ ಕೆಡ್ತು. ಮಾಲೀಕರು ಆ ಗಾಯದ ವರ್ಷವನ್ನೇ ಅವನ ನಿಜವಾದ ಎತ್ತರ ಅಂತ ಓದ್ಕೊಂಡ್ರು, ವಾಟ್ಸನ್‌ನ ಅತ್ಯುತ್ತಮ ವರ್ಷವನ್ನ ವಾಟ್ಸನ್‌ನ ನಿಜವಾದ ಎತ್ತರ ಅಂತ ಓದ್ಕೊಂಡ್ರು. ಒಬ್ಬನನ್ನ ತಗ್ಗಿನಲ್ಲಿ ಮಾರಿ ಇನ್ನೊಬ್ಬನನ್ನ ತುದಿಯಲ್ಲಿ ಕೊಂಡ್ರು. ಮೇಫೀಲ್ಡ್ ಟ್ಯಾಂಪಾಗೆ ಹೋಗಿ 2024ರಲ್ಲಿ 4,500 ಗಜ, 41 ಟಚ್‌ಡೌನ್ ಎಸೆದ. ಇತ್ತ ಬ್ರೌನ್ಸ್‌ನ 2023ರಲ್ಲಿ ಪ್ಲೇಆಫಿಗೆ ಮುಟ್ಟಿಸಿದ್ದು ಸೀಸನ್ ಮಧ್ಯೆ ಮನೇಲಿ ಸೋಫಾ ಮೇಲೆ ಕೂತಿದ್ದ 38 ವರ್ಷದ ಜೋ ಫ್ಲಾಕೋ.

ಮಾಲೀಕರ ವಿಷಯದಲ್ಲಿ ನಂಗೆ ತಾಳ್ಮೆ ಕಮ್ಮಿ, ಒಪ್ಕೋತೀನಿ. ಹ್ಯಾಸ್ಲಮ್ 2012ರಲ್ಲಿ ಟೀಮ್ ಕೊಂಡು 2013ರಿಂದ 2020ರೊಳಗೆ ಐದು ಹೆಡ್ ಕೋಚ್ ನೇಮಿಸಿದ್ರು. 2017ರಲ್ಲಿ 16ಕ್ಕೆ 16 ಸೋಲು. ಅದೇ ಗ್ರೀನ್ ಬೇ ಪ್ಯಾಕರ್ಸ್ ನೋಡಿ, ಅಲ್ಲಿ ಮಾಲೀಕ ಅನ್ನೋ ಒಬ್ಬ ಮನುಷ್ಯನೇ ಇಲ್ಲ, 1923ರಿಂದ ಊರಿನವರ ಷೇರು, ಈಗ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. 1992ರಿಂದ 30 ವರ್ಷ ಇಬ್ಬರೇ ಮುಖ್ಯ ಕ್ವಾರ್ಟರ್‌ಬ್ಯಾಕ್, ಫಾವ್ ಮತ್ತೆ ರಾಜರ್ಸ್. ರಾಜರ್ಸ್ ಯಾರಿಗೂ ಬೇಡವಾಗಿ 24ನೇ ಪಿಕ್ಕಿಗೆ ಜಾರಿದವನು, ಮೂರು ವರ್ಷ ಬೆಂಚಲ್ಲಿ ಕೂರಿಸಿದ್ರು. ಮಾಲೀಕ ಇಲ್ಲದ್ದಕ್ಕೇ ಗೆದ್ರು ಅಂತ ಹೇಳೋಕಾಗಲ್ಲ, ಒಂದೇ ಉದಾಹರಣೆಯಿಂದ ಹಾಗೆ ಹೇಳಿದ್ರೆ ನಾನೂ ಶಾಪದವರ ಪಾರ್ಟಿಗೇ ಸೇರ್ತೀನಿ. ಆದ್ರೆ ಹರಾಜಲ್ಲಿ ಜಿದ್ದಿಗೆ ಬಿದ್ದು ಕೈ ಎತ್ತೋ ಒಬ್ಬ ದೊಡ್ಡ ಮನುಷ್ಯ ಅಲ್ಲಿಲ್ಲ ಅನ್ನೋದಂತೂ ಹೌದು.

2025ರಲ್ಲಿ ಬ್ರೌನ್ಸ್ ಒಂದು ಒಳ್ಳೆ ಕೆಲಸ ಮಾಡಿದ್ರು. 2ನೇ ಪಿಕ್ ಜ್ಯಾಕ್ಸನ್‌ವಿಲ್‌ಗೆ ಮಾರಿ ಕೆಳಗಿಳಿದು 2026ರ ಮೊದಲ ರೌಂಡ್ ಪಿಕ್ಕೂ ತಗೊಂಡ್ರು, ಥೇಲರ್ ಹೇಳಿದ ಹಾಗೇ. ಮೂರನೇ ರೌಂಡಲ್ಲಿ ಡಿಲನ್ ಗೇಬ್ರಿಯಲ್, ಐದನೇ ರೌಂಡಲ್ಲಿ ಶೆಡೂರ್ ಸ್ಯಾಂಡರ್ಸ್, ಒಂದೇ ಡ್ರಾಫ್ಟಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಎರಡು ಸಸ್ತಾ ಲಾಟರಿ ಟಿಕೆಟ್.

ಆ ವಾರ ಅಜ್ಜ ಮೆಟ್ಟಿಲ ಮೇಲೆ ಕೂತಿದ್ದಾಗ ಇದನ್ನೆಲ್ಲ ಹೇಳಿದೆ, ತೋಪು, ಬೈಕು, 52 ಪರ್ಸೆಂಟ್, ಎಲ್ಲ. ಸಮಾಧಾನವಾಗಿ ಕೇಳಿಸ್ಕೊಂಡ. ಆಮೇಲೆ ಕೇಳಿದ, ನಿಮ್ಮ ಮಾವ ರೇಟ್ ಇಳಿಸಿದ ವರ್ಷ ತೋಪು ಸಿಗ್ತಿತ್ತಾ ಅಂತ. ಹೆಚ್ಚಿನ ವರ್ಷ ಸಿಗ್ತಿರಲಿಲ್ಲ ಅಂದೆ.

"ಮತ್ತೆ ಮಕ್ಕಳಿಗೆ ಹಣ್ಣು?"

ಪೇಟೆಯಿಂದ ತರೋರು ಅಂದೆ. ಅಜ್ಜ ಏನೂ ಮಾತಾಡ್ಲಿಲ್ಲ, ಒಳಗೆ ಹೋಗಿ ಸೀಸನ್ ಟಿಕೆಟ್ ರಿನ್ಯೂ ಮಾಡೋಕೆ ಕೂತ.