ರ‍್ಯಾಮ್ ಹಾಕಿಸಿದರೆ ಝೀರೋ ಎ.ಡಿ. ಸಲೀಸಾಗಿ ಓಡುತ್ತದಾ?

ಪ್ರಶ್ನೆ: ನಮ್ಮದು ಹಳೇ ಐ3 ಪ್ರೊಸೆಸರಿನ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಮ್. ಝೀರೋ ಎ.ಡಿ. (ಪ್ರಾಚೀನ ಕಾಲದ ಸೈನ್ಯ ಕಟ್ಟಿ ಯುದ್ಧ ಮಾಡುವ ಉಚಿತ ಕಂಪ್ಯೂಟರ್ ಆಟ) ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಸೈನ್ಯ ದೊಡ್ಡದಾದ ಮೇಲೆ ತಡೆತಡೆದು ನಡೆಯುತ್ತದೆ. ರ‍್ಯಾಮ್ 16 ಮಾಡಿಸಲಾ?

ಬೇಡ. ದುಡ್ಡು ಉಳಿಸಿ.

ಕಾರವಾರ, ಕುಮಟಾ, ಶಿರಸಿ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ರ‍್ಯಾಮ್ ಹತ್ತಿರವೇ ಬಂದು ನಿಲ್ಲುತ್ತಾರೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ರ‍್ಯಾಮ್ ಅಂದರೆ ಕೆಲಸಕ್ಕೆ ಬೇಕಾದದ್ದನ್ನು ಹರಡಿಕೊಳ್ಳುವ ಜಾಗ. ಅಡಿಕೆ ಸುಲಿಯುವವರು ಇಬ್ಬರೇ ಇದ್ದಾಗ ಅಂಗಳ ದೊಡ್ಡದು ಮಾಡಿದರೆ ಸುಲಿತ ಬೇಗ ಮುಗಿಯುತ್ತದಾ? ಇಲ್ಲ, ಅಲ್ವಾ? ಇಲ್ಲೂ ಅಷ್ಟೇ. ಈ ಆಟದಲ್ಲಿ ಪ್ರತಿ ಸೈನಿಕ, ಪ್ರತಿ ಕುರಿ, ಮೌರ್ಯರ ಪ್ರತಿ ಆನೆ ಎಲ್ಲಿಗೆ ಹೋಗಬೇಕು, ಯಾವ ಗೋಡೆ ಸುತ್ತಿಕೊಂಡು ಹೋಗಬೇಕು ಎಂದು ಪ್ರೊಸೆಸರ್ ಲೆಕ್ಕ ಹಾಕುತ್ತಲೇ ಇರಬೇಕು. 2021ರ ಆಲ್ಫಾ 25 ಆವೃತ್ತಿಯಲ್ಲಿ ಈ ದಾರಿ ಹುಡುಕುವ ಕೆಲಸವನ್ನು ಪ್ರೊಸೆಸರ್ ಒಳಗಿನ ಬೇರೆ ಲೆಕ್ಕದ ಘಟಕಗಳಾದ ಕೋರ್‌ಗಳಿಗೂ ಹಂಚಿದರು. ಆದರೂ ಆಟದ ಲೆಕ್ಕದ ದೊಡ್ಡ ಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಯುದ್ಧ ಜೋರಾಗಿದ್ದಾಗ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಟಾಪ್' (top) ಕೊಡಿ, ಆಮೇಲೆ ಕೀಬೋರ್ಡಿನಲ್ಲಿ 1 ಒತ್ತಿ. ಒಂದು ಕೋರ್ ಪೂರ್ತಿ ತುಂಬಿಕೊಂಡಿರುತ್ತದೆ, ಉಳಿದವು ಅರ್ಧ ಖಾಲಿ. ಅಲ್ಲೇ ನಿಮ್ಮ ಉತ್ತರ ಇದೆ.

"ಆದರೆ ರ‍್ಯಾಮ್ ಖಾಲಿಯೇ ಇಲ್ಲ ಅಂತ ತೋರಿಸುತ್ತಿದೆಯಲ್ಲ?" ಈ ತಪ್ಪು ತಿಳಿವಳಿಕೆಯೇ ಎಲ್ಲಕ್ಕೂ ಮೂಲ. ಬಳಸದೆ ಉಳಿದ ರ‍್ಯಾಮನ್ನು ಲಿನಕ್ಸ್ ಸುಮ್ನೆ ಬಿಡುವುದಿಲ್ಲ. ಡಿಸ್ಕಿನಿಂದ ಓದಿದ ಫೈಲುಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ, ಯಾರಾದರೂ ಜಾಗ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಅದಕ್ಕೇ 'ಫ್ರೀ' (free) ಕಮಾಂಡ್ ಕೊಟ್ಟಾಗ 'ಫ್ರೀ' ಕಾಲಂ ನೋಡಿ ಹೆದರಬೇಡಿ. 'ಅವೈಲೇಬಲ್' ಕಾಲಂ ನೋಡಿ. ಅದು ತೀರಾ ಇಳಿದು, ಕೆಳಗೆ 'ಸ್ವಾಪ್' (ಜಾಗ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಏರುತ್ತಾ ಹೋದರೆ ಮಾತ್ರ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. 4 ಜಿಬಿಯಲ್ಲಿ ಬ್ರೌಸರ್ ತೆರೆದಿಟ್ಟು ಆಡುವವರಿಗೆ ಹೀಗಾಗುತ್ತದೆ. 8 ಇರುವವರಿಗೆ ಸಾಮಾನ್ಯವಾಗಿ ಆಗುವುದಿಲ್ಲ.

ಒಂದು ಮಾತು ಸೇರಿಸಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದರ ಬದಲು ಎರಡು ರ‍್ಯಾಮ್ ಕಡ್ಡಿ ಇದ್ದರೆ ಚಿತ್ರ ಸ್ವಲ್ಪ ನಯವಾಗಿ ಓಡುತ್ತದೆ. ಆದರೆ ಸೈನ್ಯ ಬೆಳೆದಾಗ ಬರುವ ತಡೆಗೆ ಅದು ಔಷಧಿಯಲ್ಲ.

ಹಾಗಾದರೆ ಏನು ಮಾಡಬೇಕು? ಆಟ ಶುರುಮಾಡುವಾಗ ಜನಸಂಖ್ಯೆಯ ಮಿತಿಯನ್ನು 100ಕ್ಕೆ ಇಳಿಸಿ. ಚಿಕ್ಕ ನಕ್ಷೆ ಆರಿಸಿ, ಕಂಪ್ಯೂಟರ್ ಎದುರಾಳಿ ಒಬ್ಬನೇ ಸಾಕು. ನೆರಳು, ನೀರಿನ ಹೊಳಪು ಆಫ್ ಮಾಡಿದರೆ ಚಿತ್ರಕ್ಕೆ ಒಳ್ಳೆಯದು, ಅಷ್ಟೇ. ಚಾರ್ಜರ್ ಹಾಕಿಕೊಂಡೇ ಆಡಿ. ಫ್ಯಾನ್ ಕ್ಲೀನ್ ಮಾಡಿಸಿ. ಬಿಸಿ ಮಿತಿ ಮುಟ್ಟಿದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದ ಸೆಕೆಗೆ ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದರೆ ಇನ್ನೇನಾಗುತ್ತದೆ? 'ಸೆನ್ಸರ್ಸ್' (sensors) ಕಮಾಂಡ್ ಕೊಟ್ಟು ಡಿಗ್ರಿ ನೋಡಿ.

ಯಾರೂ ನೇರವಾಗಿ ಕೇಳದ ಇನ್ನೊಂದು ವಿಷಯವೂ ಇದೆ. ಕಾರವಾರದಲ್ಲಿ ಒಬ್ಬ, ಶಿರಸಿಯಲ್ಲಿ ಒಬ್ಬ ಕೂತು ಆಡುವಾಗ ಆಟ ನಿಂತರೆ ಇಬ್ಬರೂ ಘಟ್ಟದ ಮೇಲಿನ ನೆಟ್ ಅನ್ನೇ ಬೈಯುತ್ತಾರೆ. ನಿಜವಾಗಿ ನೆಟ್‌ನಲ್ಲಿ ಹೋಗುವುದು ಆಟಗಾರರ ಆಜ್ಞೆಗಳು ಮಾತ್ರ. ಇಡೀ ಯುದ್ಧವನ್ನು ಎರಡೂ ಕಂಪ್ಯೂಟರ್‌ಗಳು ತಂತಮ್ಮಲ್ಲೇ ಲೆಕ್ಕ ಹಾಕುತ್ತವೆ, ಹೆಜ್ಜೆಗೆ ಹೆಜ್ಜೆ ಸರಿಹೊಂದಿಸಿಕೊಂಡು. ಹಾಗಾಗಿ ನಿಧಾನದ ಕಂಪ್ಯೂಟರಿಗಾಗಿ ಇನ್ನೊಂದು ಕಾಯಲೇಬೇಕು. ಇಬ್ಬರೂ 'ಟಾಪ್' ಹಾಕಿ ನೋಡಿ, ಯಾರದು ಸುಸ್ತಾಗಿದೆ ಎಂದು ಗೊತ್ತಾಗುತ್ತದೆ. ಇಬ್ಬರ ಆಟದ ಆವೃತ್ತಿಯೂ ಒಂದೇ ಇರಬೇಕು. ಮಿಂಟ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲಿ ಹಳೆಯದು ಸಿಗಬಹುದು, ಇಷ್ಟು ದೊಡ್ಡ ಆಟ ಇಳಿಸಿಕೊಳ್ಳುವ ಮೊದಲೇ ಜೊತೆಗಾರನ ಆವೃತ್ತಿ ಯಾವುದೆಂದು ಕೇಳಿಕೊಳ್ಳಿ.